ಸೌಹಾರ್ದ ಭವನದ ಪಾಯ

ಹೊಳೆವಾಡಿಯವರಿಗೆ ಅಕ್ಕುತಾಯಿಯ ಮೇಲೆ ಪ್ರೀತಿ ಉಕ್ಕಿ ಅವಳನ್ನು ಪಂಚಾಯತಿ ಅಧ್ಯಕ್ಷೆ ಮಾಡಿದರು ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಊರಿನ ಇಬ್ಬರು ದೊಡ್ಡವರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲ. ಅಷ್ಟೇ ಕಾರಣ.

ನಿಪ್ಪಾಣಿ ತಾಲೂಕಿನ ಭೋಜ ಊರು ದಾಟಿ ಹೊಳೆಯ ಕಡೆಗೆ ಇಳಿದರೆ ಹೊಳೆವಾಡಿ. ಹೊಳೆಯ ಆಚೆ ಮಹಾರಾಷ್ಟ್ರ. ಊರಲ್ಲಿ ಎರಡು ಪಾರ್ಟಿ. ಕನ್ನಡ ಪಾರ್ಟಿಗೆ ಧರೆಪ್ಪ ಸಾವ್ಕಾರರು, ಮರಾಠಿ ಪಾರ್ಟಿಗೆ ಗಂಗಾರಾಮ ದಾದಾ. ಇಬ್ಬರದೂ ಒಂದೇ ಜಾತಿ, ಒಂದೇ ಮನೆದೇವರು. ಇಬ್ಬರ ಕಬ್ಬೂ ಒಂದೇ ಕಾರ್ಖಾನೆಗೆ ಹೋಗುತ್ತಿತ್ತು. ಸಾವ್ಕಾರರ ಸೊಸೆ ಪ್ರಾಜಕ್ತಾ ದಾದಾರ ತಂಗಿಯ ಮಗಳು. ಮನೆಯೊಳಗೆ ಬೀಗರು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು, ಚಾವಡಿಗೆ ಬಂದರೆ ವೈರಿಗಳಾಗುತ್ತಿದ್ದರು. ಗಡಿ ಎಂಬುದು ಅವರಿಗೆ ಹೊಲದ ಬದುವಿನ ಹಾಗೆ, ವರ್ಷಕ್ಕೊಮ್ಮೆ ಕೆರೆದರೆ ಏನಾದರೂ ಬೆಳೆಯುತ್ತಿತ್ತು.

ಆ ಸಲ ಅಧ್ಯಕ್ಷರ ಕುರ್ಚಿ ಪರಿಶಿಷ್ಟ ಜಾತಿಯ ಹೆಣ್ಣುಮಗಳಿಗೆ ಮೀಸಲಾಯಿತು. ಇಬ್ಬರೂ ತಲೆ ಕೆಡಿಸಿಕೊಂಡರು. ಕೇರಿಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ತೂಗಿ ನೋಡಿ ಕೊನೆಗೆ ಅಕ್ಕುತಾಯಿಯ ಹತ್ತಿರ ಬಂದು ನಿಂತರು. ಅವಳ ತವರು ಅಥಣಿ ತಾಲೂಕಿನ ಸತ್ತಿ, ಕೃಷ್ಣೆಯ ದಂಡೆಯ ಊರು, ಆದ್ದರಿಂದ ಕನ್ನಡದವಳು. ಗಂಡನ ಮನೆಯಲ್ಲಿ ಮಾತು ಮರಾಠಿ, ಆದ್ದರಿಂದ ಮರಾಠಿಯವಳು. ಗಂಡ ದಶರಥ ಸಾವ್ಕಾರರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಅವಳು ದಾದಾರ ತಂಬಾಕಿನ ಗೋದಾಮಿನಲ್ಲಿ, ವಖಾರದಲ್ಲಿ, ಜರಡಿ ಹಿಡಿಯುತ್ತಿದ್ದಳು. ಅರ್ಧ ಮನೆ ಇವರ ಮುಷ್ಟಿಯಲ್ಲಿ, ಅರ್ಧ ಮನೆ ಅವರ ಮುಷ್ಟಿಯಲ್ಲಿ. ತಕ್ಕಡಿ ಇಷ್ಟು ಸಮ ತೂಗುವ ಹೆಂಗಸು ನಿಪ್ಪಾಣಿ ತಾಲೂಕಿನಲ್ಲೇ ಇನ್ನೊಬ್ಬಳು ಸಿಕ್ಕುತ್ತಿರಲಿಲ್ಲ.

ಅವಳನ್ನು ಕರೆಸಿದಾಗ ಅವಳು ವಖಾರದೊಳಗೆ ಇದ್ದಳು. ಮೂಗಿಗೆ ಸೀರೆಯ ಸೆರಗು ಬಿಗಿದು ತಂಬಾಕಿನ ಪುಡಿ ಜರಡಿ ಹಿಡಿಯುತ್ತಿದ್ದಳು. ಘಾಟಿಗೆ ಕಣ್ಣು ಕೆಂಡವಾಗಿದ್ದವು. ಮೈಯೆಲ್ಲ ಕಂದು ಧೂಳು. ಹೊರಗೆ ಬಂದರೆ ಸಾವ್ಕಾರರೂ ದಾದಾರೂ ಒಂದೇ ಹೊರಸಿನ ಮೇಲೆ ಕೂತಿದ್ದರು. ಸೀನು ತಡೆದುಕೊಂಡು ದೂರ ನಿಂತಳು. ವಿಷಯ ಹೇಳಿದರು.

"ಅಧ್ಯಕ್ಷಿ ಆದ ಮ್ಯಾಲ ನಾ ಏನ ಮಾಡಬೇಕ್ರಿ?" ಎಂದು ಕೇಳಿದಳು.

"ಏನೂ ಮಾಡೂದಲ್ಲ. ಅದಕ್ಕ ನಿನ್ನ ಮಾಡಾಕತ್ತೀವಿ," ಎಂದರು ಸಾವ್ಕಾರರು.

ಕೇರಿಯ ಸೀಟಿಗೆ ಅವಳ ಎದುರು ಯಾರೂ ನಿಲ್ಲದಂತೆ ಇಬ್ಬರೂ ನೋಡಿಕೊಂಡರು. ಗುಲಾಲು ಹಾರಿತು. ಅವಳ ಮಾವ ಭೀಮಸಿ ಹರೆಯವನ್ನೆಲ್ಲ ಅದೇ ವಖಾರದಲ್ಲಿ ತಂಬಾಕಿನ ಬೋದು ಎಂಬ ದೊಡ್ಡ ಮೂಟೆ ಹೊತ್ತು ಬೆನ್ನು ಬಾಗಿಸಿಕೊಂಡವನು, ಈಗ ದಮ್ಮು ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಸೊಸೆಯ ಕೊರಳಿನ ಹಾರ ನೋಡಿ ಅವನು ನಗಲಿಲ್ಲ. ಕುರ್ಚಿ ಕೊಟ್ಟವರು ಕೂಡಲಿಕ್ಕೆ ಕೊಡುವುದಿಲ್ಲ, ನೋಡುತ್ತಿರು ಎಂದ.

ಹಾಗೆಯೇ ಆಯಿತು. ಪಂಚಾಯತಿಯಲ್ಲಿ ಟವೆಲು ಹೊದಿಸಿದ ಅಧ್ಯಕ್ಷರ ಕುರ್ಚಿಯ ಮೇಲೆ ಒಂದು ಸಭೆಗೆ ಸಾವ್ಕಾರರು ಕೂತರು. ಅದು ದಾದಾರಿಗೆ ಸರಿಬರಲಿಲ್ಲ. ಮುಂದಿನ ಸಭೆಗೆ ದಾದಾ ಕೂತರು. ಆಮೇಲೆ ಸರದಿ ಹಚ್ಚಿಕೊಂಡರು. ಇಬ್ಬರೂ ಪಂಚಾಯತಿಯ ಮೆಂಬರುಗಳಲ್ಲ, ಆದರೆ ಅದನ್ನು ಯಾರೂ ಎತ್ತಲಿಲ್ಲ. ಚಹಾ ಎಲ್ಲರಿಗೂ ಗಾಜಿನ ಗ್ಲಾಸಿನಲ್ಲಿ ಬರುತ್ತಿತ್ತು, ಅಧ್ಯಕ್ಷೆಗೆ ಕಾಗದದ ಕಪ್ಪಿನಲ್ಲಿ. ಕಾಗದದ ಕಪ್ಪು ಆರೋಗ್ಯಕ್ಕೆ ಒಳ್ಳೆಯದು ಎಂದು ಪಿಡಿಓ ದುಂಡೇಶ ವಿವರಿಸಿದ. ರಾಯಬಾಗದ ಕಡೆಯ ಹುಡುಗ, ಬಾಯಿ ಬಹಳ ಮೆತ್ತಗೆ. ಆ ಆರೋಗ್ಯ ಇಡೀ ಪಂಚಾಯತಿಯಲ್ಲಿ ಅವಳೊಬ್ಬಳ ಪಾಲಿಗೇ ಬಂದಿತ್ತು.

ಅವಳಿಗೆ ಒಂದು ಕೆಲಸವಂತೂ ಸಿಕ್ಕಿತು. ಸಭೆಯಲ್ಲಿ ಸಾವ್ಕಾರರು ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ, ಸ್ವಾಭಿಮಾನ. ದಾದಾ ಮರಾಠಿ ಬಿಟ್ಟು ಬೇರೆ ಆಡುತ್ತಿರಲಿಲ್ಲ, ಅಸ್ಮಿತೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ ಎಂದು ಇಬ್ಬರೂ ನಟಿಸುತ್ತಿದ್ದರು. ನಡುವೆ ನಿಂತು ಆ ಮಾತನ್ನು ಈ ಕಡೆಗೆ, ಈ ಮಾತನ್ನು ಆ ಕಡೆಗೆ ಹೊರುವವಳು ಅಕ್ಕುತಾಯಿ. ಕುರ್ಚಿ ಇಲ್ಲದ್ದಕ್ಕೆ ನಿಲ್ಲುವುದು ಹೇಗೂ ರೂಢಿಯಾಗಿತ್ತು. ಸಾವ್ಕಾರರು ಒಮ್ಮೆ, ಆ ಮಗನ ಬಾಯಿಗೆ ಹುಳ ಬೀಳಲಿ ಎಂದರು. ಅವಳು ದಾದಾರ ಕಡೆ ತಿರುಗಿ, ಇನ್ನೊಂದು ಸಲ ವಿಚಾರ ಮಾಡೋಣ ಎನ್ನುತ್ತಾರೆ ಎಂದು ಮರಾಠಿಯಲ್ಲಿ ಹೇಳಿದಳು. ದಾದಾ ಅದಕ್ಕೆ ಸಾವ್ಕಾರರ ಅಜ್ಜನವರೆಗೂ ಹೋಗಿ ಬೈದರು. ಹಿರಿಯರಿಗೆ ನಮಸ್ಕಾರ ಹೇಳಿದ್ದಾರೆ ಎಂದು ಅವಳು ಕನ್ನಡ ಮಾಡಿದಳು. ದಿಲ್ಲಿಯಲ್ಲಿ ಇಂಥ ಕೆಲಸಕ್ಕೆ ಕಾರು, ಬಂಗಲೆ ಕೊಡುತ್ತಾರಂತೆ. ಇವಳು ಸಭೆ ಮುಗಿದ ಮೇಲೆ ನೆಲ ಗುಡಿಸಿ, ಗ್ಲಾಸು ಮುಟ್ಟದೆ, ವಖಾರಕ್ಕೆ ಓಡುತ್ತಿದ್ದಳು.

ನವೆಂಬರ್ ಒಂದರಂದು ಒಂದು ಪಾರ್ಟಿ ಹಳದಿ-ಕೆಂಪು ಬಾವುಟ ಹಿಡಿಯಿತು, ಇನ್ನೊಂದು ಪಾರ್ಟಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿತು. ಊರ ಬಾಗಿಲಿನ ಹಲಗೆಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಊರ ಹೆಸರಿತ್ತು. ಯಾರೋ ಕನ್ನಡದ ಅಕ್ಷರಕ್ಕೆ ಡಾಂಬರು ಬಳಿದರು. ಅದು ಒಣಗುವುದರೊಳಗೆ ಇನ್ಯಾರೋ ಮರಾಠಿ ಅಕ್ಷರಕ್ಕೂ ಬಳಿದರು. ಕಲ್ಲು ಹಾರಿದವು, ಟೀವಿಯವರು ಬಂದರು. ಎರಡೂ ರಾಜ್ಯದ ಸಾಹೇಬರು ಕೂಡಿ ಹೊಳೆವಾಡಿಯಲ್ಲೇ ಶಾಂತತಾ ಸಭೆ ಮಾಡುವುದೆಂದು ನಿಶ್ಚಯವಾಯಿತು. ಸಾಹೇಬರು ಬರುವ ಮುಂಚೆ ಹಲಗೆ ಬೆಳ್ಳಗಾಗಬೇಕು. ಯಾರು ಒರೆಸಬೇಕು? ಕನ್ನಡದವರು ಮರಾಠಿ ಅಕ್ಷರ ಮುಟ್ಟರು. ಮರಾಠಿಯವರು ಕನ್ನಡದ ಅಕ್ಷರ ಮುಟ್ಟರು. ಇದು ಪ್ರಥಮ ಪ್ರಜೆಯ ಜವಾಬ್ದಾರಿ ಎಂದು ದುಂಡೇಶ ಹೇಳಿದ. ಎಲ್ಲರಿಗೂ ಆ ಮಾತು ಹಿಡಿಸಿತು.

ಅಕ್ಕುತಾಯಿ ಕಚ್ಚೆ ಹಾಕಿ ನಿಚ್ಚಣಿಕೆ ಹತ್ತಿದಳು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಕೆರೆಯಲಿಕ್ಕೆ ಒಂದು ಕುರುಪಿ. ಕೆಳಗೆ ಎರಡೂ ಪಾರ್ಟಿ ನೋಡುತ್ತ ನಿಂತಿದ್ದವು. ಕನ್ನಡ ಮೊದಲು ಒರೆಸು ಎಂದು ಇವರು, ಮರಾಠಿ ಮೊದಲು ಎಂದು ಅವರು. ಕೊನೆಗೆ ಅವಳು ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಒಂದು ಕೈಯಿಂದ ಕನ್ನಡ, ಇನ್ನೊಂದು ಕೈಯಿಂದ ಮರಾಠಿ ತಿಕ್ಕಿದಳು. ಹಿಡಿಯಲಿಕ್ಕೆ ಏನೂ ಉಳಿಯದೆ ಹೊಟ್ಟೆಯನ್ನು ನಿಚ್ಚಣಿಕೆಗೆ ಒತ್ತಿ ನಿಂತಳು. ಬಿಸಿಲಿಗೆ ಸೀಮೆಎಣ್ಣೆ ಕೈ ಸುಟ್ಟಿತು. ಚರ್ಮ ಸುಲಿದು ಒಳಗೆ ಡಾಂಬರು ಕೂತಿತು. ಯಾರೂ ನಿಚ್ಚಣಿಕೆ ಹಿಡಿಯಲಿಲ್ಲ. ಅವಳು ಮುಟ್ಟಿದ ನಿಚ್ಚಣಿಕೆ.

ಸಭೆ ಸಾವ್ಕಾರರ ವಾಡೆಯಲ್ಲಿ. ಈ ಕಡೆಯ ಸಾಹೇಬರಿಗೂ ಆ ಕಡೆಯ ಸಾಹೇಬರಿಗೂ ಅಧ್ಯಕ್ಷೆ ಹಾರ ಹಾಕಬೇಕೆಂದು ಕಾರ್ಯಕ್ರಮದಲ್ಲಿತ್ತು. ಅವಳ ಕರಿ ಕೈ ನೋಡಿ ಈ ಕಡೆಯ ಸಾಹೇಬರು ಹಾರವನ್ನು ತಾವೇ ಇಸಿದುಕೊಂಡು ಕೊರಳಿಗೆ ಹಾಕಿಕೊಂಡರು, ಸ್ವಚ್ಛತೆಯ ಬಗ್ಗೆ ಎರಡು ಮಾತು ಹೇಳಿದರು. ಮಧ್ಯಾಹ್ನ ಹೋಳಿಗೆ ಊಟ. ಸಾಹೇಬರು ಪಡಸಾಲೆಯಲ್ಲಿ ಉಂಡರು. ಅಧ್ಯಕ್ಷೆಗೆ ಗೋದಲಿಯ ಹತ್ತಿರ ಜೀಪಿನ ಡ್ರೈವರುಗಳ ಸಾಲಿನ ಆಚೆ ಎಲೆ ಹಾಕಿದರು. ಎಮ್ಮೆ ಒಂದು ಅವಳನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಹೋಳಿಗೆಗೆ ಸೀಮೆಎಣ್ಣೆಯ ವಾಸನೆ ಹತ್ತಿತ್ತು, ಅವಳ ಕೈಯದೇ.

ಊಟದ ಮೇಲೆ ಮಾತು ಸುಲಭವಾಯಿತು. ಎರಡೂ ಸರ್ಕಾರದ ಅನುದಾನದಲ್ಲಿ ಊರಿಗೊಂದು ಗಡಿ ಸೌಹಾರ್ದ ಭವನ. ಗುತ್ತಿಗೆ ಅರ್ಧ ಸಾವ್ಕಾರರ ಅಳಿಯನಿಗೆ, ಅರ್ಧ ದಾದಾರ ಮಗನಿಗೆ. ಇಷ್ಟರವರೆಗೆ ಜಗಳವೇ ಬರಲಿಲ್ಲ. ಎಲ್ಲಿ ಕಟ್ಟುವುದು ಎಂಬಲ್ಲಿ ಮಾತ್ರ ನಿಂತಿತು. ಕನ್ನಡದ ಓಣಿಯಲ್ಲಿ ಕಟ್ಟಿದರೆ ದಾದಾರ ಮರ್ಯಾದೆ ಹೋಗುತ್ತದೆ. ಮರಾಠಿ ಓಣಿಯಲ್ಲಿ ಕಟ್ಟಿದರೆ ಸಾವ್ಕಾರರದು. ತಟಸ್ಥ ಜಾಗ ಬೇಕು ಎಂದರು ಸಾಹೇಬರು.

ಸಾವ್ಕಾರರು ಗಂಟಲು ಸರಿಮಾಡಿಕೊಂಡರು. "ಹೊಳಿದಂಡಿ ಗಾಯರಾಣ ಐತಲ್ಲ, ಅದು ಯಾರದೂ ಅಲ್ಲ. ಅಲ್ಲೇ ಕಟ್ಟೂಣು."

ಹಾಗೆಂದು, ಬಾಗಿಲ ಹತ್ತಿರ ನಿಂತಿದ್ದ ಅಕ್ಕುತಾಯಿಯ ಕಡೆ ನೋಡಿದರು. ಮರಾಠಿಯಲ್ಲಿ ಹೇಳುವುದು ಅವಳ ಕೆಲಸ.

ಅವಳು ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಗೋಮಾಳವೆಂದು ಹೆಸರಿದ್ದ ಆ ಗಾಯರಾಣ ಕೇರಿಯವರ ಮಸಣ. ಊರ ಮಸಣಕ್ಕೆ ಕೇರಿಯ ಹೆಣ ಒಯ್ಯಲು ಇವರ ಅಪ್ಪಂದಿರು ಬಿಡದಿದ್ದಾಗ ಆ ಮುಳ್ಳುಕಂಟಿಯ ನೆಲ ತೋರಿಸಿದವರೂ ಅವರೇ. ಅವಳ ಅತ್ತೆ ಅಲ್ಲಿದ್ದಳು. ಹೆಸರಿಡುವ ಮುಂಚೆಯೇ ಹೋದ ಅವಳ ಮೊದಲ ಕೂಸು ಅಲ್ಲಿತ್ತು.

"ಹೇಳ ಬೇ," ಎಂದರು ಸಾವ್ಕಾರರು.

"ಇದನ್ನ ನಾ ಹೇಳೂದಿಲ್ರಿ. ಅಲ್ಲಿ ನನ್ನ ಕೂಸ ಐತಿ."

ಆಗ ದಾದಾ ಬಾಯಿಬಿಟ್ಟರು, ಅಚ್ಚ ಕನ್ನಡದಲ್ಲಿ. "ಅದು ಯಾವಾಗಿನ ಕೂಸ ಅಕ್ಕುತಾಯಿ? ಇಷ್ಟೊತ್ತಿಗೆ ಮಣ್ಣಾಗಿ ಹೋಗಿರತೈತಿ. ಸಾವ್ಕಾರ್ರು ಅಂದದ್ದ ಖರೇ. ಅದು ಯಾರದೂ ಅಲ್ಲ."

ಮರಾಠಿ ಮುಖಂಡರು ಇಷ್ಟು ಚೆನ್ನಾಗಿ ಕನ್ನಡ ಆಡಿದ್ದು ಕೇಳಿ ಈ ಕಡೆಯ ಸಾಹೇಬರ ಕಣ್ಣಲ್ಲಿ ನೀರು ಬಂತು. ನಿಜವಾದ ಸೌಹಾರ್ದ ಅಂದರೆ ಇದೇ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರ ಒಪ್ಪಿಗೆ ಇದೆಯೆಂದು ದುಂಡೇಶ ಆಗಲೇ ಬರೆದು ಮುಗಿಸಿದ್ದ. ಅವಳು ನಿಂತೇ ಇದ್ದಳು.

ಮರುದಿನ ವಖಾರದ ಬಾಗಿಲಲ್ಲಿ ಅವಳನ್ನು ತಡೆದರು. ಅಧ್ಯಕ್ಷರು ಜರಡಿ ಹಿಡಿಯುವುದು ಊರಿಗೆ ಶೋಭೆಯಲ್ಲವಂತೆ. ಅದೇ ಹೊತ್ತಿಗೆ ದಶರಥನ ಕೈಯಿಂದ ಟ್ರ್ಯಾಕ್ಟರಿನ ಕೀಲಿ ಇಸಿದುಕೊಂಡರು. ಇದನ್ನೂ ಇಬ್ಬರೂ ಮಾತಾಡಿಕೊಂಡೇ ಮಾಡಿದರು. ಹಾಗೆ ಮಾಡದಿದ್ದರೆ ತಕ್ಕಡಿ ಒಂದು ಕಡೆ ವಾಲುತ್ತಿತ್ತು. ದಶರಥ ಅಂಜುಬುರುಕ, ಒಳ್ಳೆಯವನು. ನೀನು ಆ ಒಂದು ಮಾತು ಮರಾಠಿಯಲ್ಲಿ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದ.

ಅವಳು ಸಾಹೇಬರುಗಳ ಬಾಗಿಲು ತಿರುಗಿದಳು. ಒಬ್ಬರು ಇದು ಗಡಿಯ ವಿಷಯ, ಸೂಕ್ಷ್ಮ ಎಂದರು. ಇನ್ನೊಬ್ಬರು ಎರಡು ರಾಜ್ಯದ ವಿಷಯ, ಬಹಳ ಸೂಕ್ಷ್ಮ ಎಂದರು. ಮೂರನೆಯವರು ಶಾಂತಿ ಕದಡಿದರೆ ನಿನ್ನ ಮೇಲೆಯೇ ಕೇಸಾಗುತ್ತದೆ ಎಂದು ಮೆಲ್ಲಗೆ ತಿಳಿಸಿದರು. ಗಡಿ ಸೂಕ್ಷ್ಮ. ಹಲಗೆ ಸೂಕ್ಷ್ಮ. ಕೇರಿಯ ಹೆಣ ಯಾವ ಸಾಹೇಬರಿಗೂ ಸೂಕ್ಷ್ಮ ಅನಿಸಲಿಲ್ಲ.

ಮಂತ್ರಿಗಳ ತಾರೀಖು ಸಿಗುವುದು ತಡವಾದ್ದರಿಂದ ಭೂಮಿಪೂಜೆಗೂ ಮುಂಚೆಯೇ ಜೇಸಿಬಿ ಬಂತು. ಪಾಯ ತೋಡತೊಡಗಿತು. ಭೀಮಸಿ ದಮ್ಮು ಹತ್ತಿದ್ದರೂ ಕೋಲೂರಿಕೊಂಡು ಹೋಗಿ ಮಣ್ಣಿನ ಗುಪ್ಪೆಯ ಹತ್ತಿರ ಕೂರುತ್ತಿದ್ದ. ಮಣ್ಣಿನ ಜೊತೆ ಎಲುಬು ಬಂದರೆ ಎದ್ದು ಹೋಗಿ ಧೋತರದ ಚುಂಗಿನಲ್ಲಿ ಆಯ್ದುಕೊಳ್ಳುತ್ತಿದ್ದ. ಯಾರ ಎಲುಬೆಂದು ಗೊತ್ತಾಗುತ್ತಿರಲಿಲ್ಲ. ದಂಡೆಯ ಬೇವಿನ ಬುಡದಲ್ಲಿ ಕೈಯಿಂದ ಮಣ್ಣು ಕೆದರಿ ಹೂಳುತ್ತಿದ್ದ. ಜೇಸಿಬಿಯವನಿಗೇ ನೋಡಲಾಗದೆ ಅವನು ಕೂತಿದ್ದಾಗ ಯಂತ್ರ ನಿಲ್ಲಿಸುತ್ತಿದ್ದ. ಆಮೇಲೆ ಫೋನು ಬರುತ್ತಿತ್ತು, ಮತ್ತೆ ಶುರುಮಾಡುತ್ತಿದ್ದ. ಒಂದು ದಿನ ಸಣ್ಣ ಎಲುಬುಗಳು ಬಂದವು. ಭೀಮಸಿ ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವನ ಮುಖ ನೋಡಿ ಅಕ್ಕುತಾಯಿ ತಿಳಿದುಕೊಂಡಳು. ಅಂದು ಅವಳು ಅಡುಗೆ ಮಾಡಲಿಲ್ಲ.

ಭೂಮಿಪೂಜೆಯ ದಿನ ಬೆಳಗಿಗೆ ಭೀಮಸಿ ಸತ್ತ.

ಸುದ್ದಿ ವಾಡೆಗೂ ಮುಟ್ಟಿತು. ಹೊಳೆದಂಡೆಯಲ್ಲಿ ಪೆಂಡಾಲು ಹಾಕಿಯಾಗಿತ್ತು, ಮಂತ್ರಿಗಳು ದಾರಿಯಲ್ಲಿದ್ದರು. ಕೇರಿಯ ಮುಂದೆ ಎರಡು ಟ್ರ್ಯಾಕ್ಟರು ಬಂದು ನಿಂತವು. ಒಂದು ಸಾವ್ಕಾರರು ಕಳಿಸಿದ್ದು, ಒಂದು ದಾದಾ ಕಳಿಸಿದ್ದು. ಸತ್ತ ಮೇಲೆ ಭೀಮಸಿಗೆ ಇಷ್ಟು ಮರ್ಯಾದೆ. ಎರಡರಲ್ಲೂ ಕಟ್ಟಿಗೆ, ಹೂವು, ಹೊಸ ಬಟ್ಟೆ. ಆಚೆ ಮಾಳದ ಮೇಲೆ ಒಯ್ದು ಸುಟ್ಟುಬಿಡಿ, ಮಂತ್ರಿಗಳು ಬರುವುದರೊಳಗೆ ಮುಗಿಸಿ ಎಂದು ಹೇಳಿ ಕಳಿಸಿದ್ದರು. ಸಾವ್ಕಾರರ ಆಳು ದಶರಥನನ್ನು ಪಕ್ಕಕ್ಕೆ ಕರೆದು ಟ್ರ್ಯಾಕ್ಟರಿನ ಕೀಲಿ ಅವನ ಕೈಗೇ ಕೊಟ್ಟ. ನೀನೇ ಹೊಡೆದುಕೊಂಡು ಹೋಗು, ನಾಳೆಯಿಂದ ಕೆಲಸಕ್ಕೆ ಬಾ ಎಂದ.

ದಶರಥ ಕೀಲಿ ಹಿಡಿದು ನಿಂತ. ಕೇರಿಯೆಲ್ಲ ಅವನನ್ನೇ ನೋಡಿತು. ಅಕ್ಕುತಾಯಿ ಹೆಣದ ಹತ್ತಿರದಿಂದ ಎದ್ದು ಬಂದಳು. ಅವಳು ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ.

"ನಿಮ್ಮಪ್ಪನ್ನ ಎಲ್ಲಿ ಇಡಬೇಕು, ನೀನ ಹೇಳು," ಎಂದಳು. ದನಿ ಏರಿಸಲಿಲ್ಲ.

ಅವನು ಅಪ್ಪನನ್ನು ನೋಡಿದ. ಹೆಣವನ್ನು ಕೂರಿಸಿದ್ದರೂ ಬೆನ್ನು ನೆಟ್ಟಗಾಗಿರಲಿಲ್ಲ, ಬೋದು ಹೊತ್ತ ಬೆನ್ನು. ಅವನು ಕೀಲಿಯನ್ನು ಟ್ರ್ಯಾಕ್ಟರಿನ ಸೀಟಿನ ಮೇಲೆ ಇಟ್ಟ. "ಅವ್ವನ ಮಗ್ಗಲಕ" ಎಂದ. ಬಂದು ಚಟ್ಟಕ್ಕೆ ಹೆಗಲು ಕೊಟ್ಟ.

ಗುಂಡಿ ತೋಡುವವರು ಯಾರು ಎಂದು ಕೇರಿಯ ಹಿರಿಯನೊಬ್ಬ ಕೇಳಿದ. ತೋಡುವುದೇನೂ ಬೇಕಿಲ್ಲ, ಅವರೇ ತೋಡಿ ಇಟ್ಟಿದ್ದಾರೆ ಎಂದಳು ಅಕ್ಕುತಾಯಿ.

ಹೊಳೆದಂಡೆಯಲ್ಲಿ ಮೈಕು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಸ್ವಾಗತ ಹೇಳುತ್ತಿತ್ತು. ಸ್ವಾಗತ ಕಮಾನಿನೊಳಗೆ ಮೊದಲು ಬಂದದ್ದು ಭೀಮಸಿಯ ಚಟ್ಟ. ಹಿಂದೆ ಇಡೀ ಕೇರಿ, ಹಲಗೆ ವಾದ್ಯದ ಬಡಿತ, ಜೈಭೀಮ್ ಕೂಗು. ಕುರ್ಚಿಯ ಮೇಲೆ ಕೂತವರೆಲ್ಲ ಎದ್ದು ನಿಂತರು, ಮಂತ್ರಿಗಳೇ ಬಂದರೆಂದು. ಹೆಣ ನೋಡಿ ಕೂರುವುದೋ ನಿಲ್ಲುವುದೋ ತಿಳಿಯದೆ ಅರ್ಧ ಬಗ್ಗಿಕೊಂಡೇ ಉಳಿದರು. ಭಟ್ಟರು ತಟ್ಟೆ ಎತ್ತಿಕೊಂಡು ದೂರ ಸರಿದರು.

ಪಾಯದ ಗುಂಡಿಗಳಲ್ಲಿ ಮಧ್ಯದ್ದಕ್ಕೆ ಅರಿಸಿನ ಕುಂಕುಮ ಹಚ್ಚಿ ಹೂವು ಹಾಕಿದ್ದರು. ಅಲ್ಲೇ ಇಳಿಸಿದರು. ಎಂದೂ ಮಸಣಕ್ಕೆ ಬರದ ಹೆಂಗಸರು ಅಂದು ಬಂದಿದ್ದರು. ಕೇರಿಯ ನೀಲಮ, ಕಾಂಚನ ಎಲ್ಲರೂ ಬಾಗಿ ಎರಡೂ ಕೈಯಿಂದ ಮಣ್ಣು ನೂಕಿದರು. ಸಾವ್ಕಾರರು ಪೊಲೀಸರ ಕಡೆ ನೋಡಿದರು. ದಾದಾರೂ ಪೊಲೀಸರ ಕಡೆ ನೋಡಿದರು. ಇನ್ಸ್‌ಪೆಕ್ಟರು ಹೊಸಬ, ಬೇರೆ ಜಿಲ್ಲೆಯಿಂದ ಬಂದವನು. ಬೂಟಿಗೆ ಮಣ್ಣು ತಾಗದಂತೆ ಗುಂಡಿಯ ಅಂಚಿಗೆ ಬಂದು ನಿಂತ. ಪಂಚಾಯತಿ ಜಾಗದಲ್ಲಿ ಹೆಣ ಹೂಳಲು ನಿಮಗೆ ಪರವಾನಗಿ ಕೊಟ್ಟವರು ಯಾರು ಎಂದು ಕೇಳಿದ.

"ಅಧ್ಯಕ್ಷರು ಕೊಟ್ಟಾರ್ರಿ," ಎಂದಿತು ಗುಂಡಿಯೊಳಗಿಂದ ಒಂದು ದನಿ.

"ಎಲ್ಲಿದ್ದಾರೆ ಅಧ್ಯಕ್ಷರು? ಕರೀರಿ."

ಅಕ್ಕುತಾಯಿ ಗುಂಡಿಯಿಂದ ಮೇಲೆ ಬಂದಳು. ಮೊಣಕೈವರೆಗೆ ಮಣ್ಣು. ಹಣೆಯ ಬೆವರು ಒರೆಸಿಕೊಂಡಳು, ಹಣೆಗೂ ಮಣ್ಣು ಹತ್ತಿತು.

"ನಾನ. ಏನ ಕೇಳಬೇಕಾಗೇತಿ, ಕೇಳ್ರಿ."

ಇನ್ಸ್‌ಪೆಕ್ಟರು ದುಂಡೇಶನ ಕಡೆ ತಿರುಗಿದ. ದುಂಡೇಶ ತಲೆಯಾಡಿಸಿದ. ಏನು ಮಾಡುವುದು, ಕಾಯಿದೆ ಪ್ರಕಾರ ಅವಳೇ ಅಧ್ಯಕ್ಷೆ. ಇಷ್ಟು ದಿನ ಆ ಊರಲ್ಲಿ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ, ಅಷ್ಟೇ. ಮಂತ್ರಿಗಳ ಕಾರು ಕಮಾನಿನವರೆಗೆ ಬಂದು, ಯಾರೋ ಕಿಟಕಿಯಲ್ಲಿ ಬಗ್ಗಿ ಏನೋ ಹೇಳಿ, ಹಾಗೇ ಹಿಂದಕ್ಕೆ ತಿರುಗಿತು. ಹಸಿ ಹೆಣದ ಮೇಲೆ ಪೂಜೆ ಮಾಡುವ ಭಟ್ಟರು ಎರಡೂ ರಾಜ್ಯದಲ್ಲಿ ಸಿಗಲಿಲ್ಲ.

ಆಮೇಲೆ ಆದದ್ದು ಚುರುಕಾಗಿ ಆಯಿತು. ಅಧ್ಯಕ್ಷೆಯ ಮೇಲೆ ಅವಿಶ್ವಾಸ ತಂದರು. ಕನ್ನಡ ಪಾರ್ಟಿಯ ಮೆಂಬರುಗಳೂ ಮರಾಠಿ ಪಾರ್ಟಿಯ ಮೆಂಬರುಗಳೂ ಒಂದೇ ಜೀಪಿನಲ್ಲಿ ಬಂದರು, ಒಂದೇ ಬೆಂಚಿನ ಮೇಲೆ ತೊಡೆಗೆ ತೊಡೆ ತಾಗಿಸಿ ಕೂತರು. ಸಾವ್ಕಾರರೂ ದಾದಾರೂ ಬಾಗಿಲಲ್ಲಿ ಒಂದೇ ಚಿಟಿಕೆ ತಂಬಾಕು ಹಂಚಿಕೊಂಡು ನಿಂತಿದ್ದರು. ಸಭೆ ನಡೆಸಲು ಬಂದ ಸಾಹೇಬರು ಪರವಾಗಿರುವವರು ಕೈ ಎತ್ತಿ ಎಂದರು. ಎಲ್ಲ ಕೈ ಮೇಲೆ ಹೋದವು. ಹೇಳುವುದು ಏನಾದರೂ ಇದೆಯೇ ಎಂದು ಅವಳನ್ನು ಕೇಳಿದರು, ಹಾಗೆ ಕೇಳಬೇಕೆಂದು ನಿಯಮವಿತ್ತು.

ಅವಳು ಎತ್ತಿದ ಕೈಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಈ ಊರಾಗ ಎರಡೂ ಪಾರ್ಟಿ ಕೂಡಿ ಕೈ ಎತ್ತಿದ್ದು ನಾ ನೋಡಿರಲಿಲ್ಲ. ಸೌಹಾರ್ದ ಅಂತೂ ಆತಲ್ರಿ. ಇನ್ನ ಭವನ ಯಾಕ ಬೇಕು?"

ಒಬ್ಬಿಬ್ಬರ ಕೈ ತಾನಾಗಿ ಕೆಳಗಿಳಿಯಿತು. ಎಣಿಕೆ ಆಗಲೇ ಆಗಿದ್ದರಿಂದ ಅದರಿಂದ ಏನೂ ಬದಲಾಗಲಿಲ್ಲ. ದುಂಡೇಶ ಅವಳ ಮಾತು ಬರೆದುಕೊಳ್ಳಲಿಲ್ಲ.

ಹೊರಗೆ ಕಾಗವಾಡದ ಕಡೆ ಕಬ್ಬು ಕಡಿಯಲು ಹೊರಟ ಗ್ಯಾಂಗಿನ ಗಾಡಿ ಕಾಯುತ್ತಿತ್ತು. ದಶರಥ ಆಗಲೇ ಹತ್ತಿ ಕೂತು ಅವಳ ಕೊಯ್ತದ ಕತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅವಳು ಹತ್ತಿದಳು. ಹೊಳೆದಂಡೆಯ ಹಾದಿ ಬಂದಾಗ ಗಾಡಿಯಲ್ಲಿದ್ದ ಕೇರಿಯವರೆಲ್ಲ ಮಾತು ನಿಲ್ಲಿಸಿ ಆ ಕಡೆ ನೋಡಿದರು. ಪಾಯದ ಉಳಿದ ಗುಂಡಿಗಳು ಹಾಗೇ ಬಾಯಿ ತೆರೆದುಕೊಂಡು ಬಿದ್ದಿದ್ದವು. ಮುಂದೆ ಯಾರಿಗೆ ಬೇಕೋ ಅವರಿಗೆ ಆಗುತ್ತವೆ ಎಂದು ನೀಲಮ ಅಂದಳು. ಯಾರೋ ನಕ್ಕರು. ಅಕ್ಕುತಾಯಿಯೂ ನಕ್ಕಳು.